ತಿರುಪು ಬಿಗಿಯುವ ಮೊದಲು

ಪ್ರೀತಿಯ ಮೊರಾಗ್ ಅತ್ತೆ,

ಗ್ರಂಥಾಲಯದ ಕೆಲಸಕ್ಕೆ ಸೇರಲು ಈ ಸೋಮವಾರವೂ ಡನೀಡನ್ ನಗರಕ್ಕೆ ಬರಲಾಗುವುದಿಲ್ಲ. ನಿಮ್ಮ ಮನೆಯಲ್ಲಿ ನನಗೆಂದು ಇಟ್ಟ ಕೋಣೆಯನ್ನು ದಯವಿಟ್ಟು ಬೇರೆಯವರಿಗೆ ಕೊಡಬೇಡಿ. ಕುರಿಗಳ ಹಿಂದೆ ಗುಡ್ಡ ಹತ್ತುವ ನಾಲ್ಕು ಚಕ್ರದ ಕ್ವಾಡ್ ಬೈಕಿಗೆ ಬ್ರೇಕ್ ಹಿಡಿಯುತ್ತಿಲ್ಲ. ಅದನ್ನು ಸರಿಮಾಡಿಯೇ ಹೊರಡು ಎಂದಿದ್ದಾರೆ ಅಪ್ಪ.

ಹಳೆಯ ಬ್ರೇಕ್ ಆಯಿಲ್ ತೆಗೆದು ಹೊಸದು ತುಂಬಲು ಇಬ್ಬರು ಬೇಕು. ಈ ಮನೆಯಲ್ಲಿ ಇರುವವರೂ ನಾವಿಬ್ಬರೇ. ನಾನು ಹ್ಯಾಂಡಲ್ಲಿನ ಬ್ರೇಕ್ ಲಿವರ್ ಒತ್ತಿ ಹಿಡಿಯುತ್ತೇನೆ. ಅಪ್ಪ ಚಕ್ರದ ಬಳಿ ಕುಳಿತು ತಿರುಪು ಸಡಿಲಿಸಿ, ಗಾಳಿಯನ್ನೂ ಕೊಳಕು ಎಣ್ಣೆಯನ್ನೂ ಹೊರಬಿಟ್ಟು, ಮತ್ತೆ ಬಿಗಿದ ಮೇಲೆ "ಬಿಡು" ಅನ್ನಬೇಕು. ಬಿಗಿಯುವ ಮೊದಲೇ ಬಿಟ್ಟರೆ ಗಾಳಿ ಒಳಗೆ ಸೇರಿ ಲಿವರ್ ಮೆತ್ತಗಾಗುತ್ತದೆ, ಮಾಡಿದ್ದೆಲ್ಲ ದಂಡ.

ವಾರದಿಂದ ದಿನವೂ ಮಾಡುತ್ತಿದ್ದೇವೆ, ಲಿವರ್ ಮೆತ್ತಗೇ ಇದೆ. "ಅಷ್ಟೊಂದ್ ಓದಿದೋಳಿಗೆ ಒಂದ್ ಲಿವರ್ ಹಿಡಿಯೋಕ್ ಬರಲ್ವೇನೇ?" ಎಂದು ಅಪ್ಪ ರೇಗಿಸುತ್ತಾರೆ. ನನ್ನ ಕೈಯದೇ ತಪ್ಪೆಂದು ನಾನೂ ನಂಬಿದ್ದೆ. ನಿನ್ನೆ ಬಗ್ಗಿ ನೋಡಿದೆ. ಅವರು "ಬಿಡು ಮಗಳೇ" ಅಂದಾಗ ತಿರುಪು ಇನ್ನೂ ತೆರೆದೇ ಇತ್ತು. ಅವರು ತಿರುಪನ್ನೇ ನೋಡುತ್ತಿದ್ದರು, ಸ್ಪ್ಯಾನರ್ ಹಿಡಿದ ಕೈ ಮಾತ್ರ ಅಲುಗಲೇ ಇಲ್ಲ. ಆದರೂ ನಾನು ಬಿಟ್ಟೆ.

ಅತ್ತೆ, ಅಪ್ಪ ಎದುರಾಡದಿರುವುದು ನಿಮ್ಮ ಮಾತೊಂದಕ್ಕೇ. ಸೋಮವಾರ ಕಳೆದು ಬರುವ ಶನಿವಾರ ಫರ್ಗಸ್ ಮಾವನನ್ನು ಕರೆದುಕೊಂಡು ಬನ್ನಿ. ತಿರುಪಿನ ಬಳಿ ಮಾವ ಕೂರಲಿ, ಲಿವರನ್ನು ಅಪ್ಪ ಹಿಡಿಯಲಿ. ನಾನು ನೋಡಿದ್ದು ಮಾತ್ರ ಅವರಿಗೆ ತಿಳಿಯಬಾರದು, ನಾಚಿಕೆಪಡುತ್ತಾರೆ.

ಬ್ರೇಕ್ ಗಟ್ಟಿಯಾದ ಕೂಡಲೇ ನನ್ನ ಪೆಟ್ಟಿಗೆಯನ್ನು ನಿಮ್ಮ ಕಾರಿಗೆ ಹಾಕಿಬಿಡಿ. ಅಪ್ಪನ ಮುಂದೆ "ಹೊರಡ್ತೀಯಾ?" ಎಂದು ನನ್ನನ್ನು ಕೇಳಬೇಡಿ. ಕೇಳಿದರೆ ಇಲ್ಲ ಅಂದುಬಿಡುತ್ತೇನೆ.

ನಿಮ್ಮ
ಐಲ್ಸಾ