ದಡಕ್ಕೆಳೆದ ದೋಣಿ

ಫೆಬ್ರುವರಿ ೨, ಭಾನುವಾರ.

ಎಂಟು ತಿಂಗಳು ದುರಸ್ತಿ ಮಾಡಿಸಿದ ಮರದ ಮೋಟಾರು ದೋಣಿಯನ್ನು ಇವತ್ತು ಹಿನ್ನೀರಿಗೆ ಇಳಿಸಿದೆವು. ಎಂಜಿನ್ ಮೊದಲ ಎಳೆತಕ್ಕೇ ಶುರುವಾಯಿತು. ಹತ್ತೇ ನಿಮಿಷದಲ್ಲಿ ಒಳಗೆ ಪಾದ ಮುಳುಗುವಷ್ಟು ನೀರು.

ಬಡಗಿ ಹಾಲೇಶ್ ಕಂಪ್ಲಿಯ ಅರ್ಧ ಊರಿಗೆ ಬಾಗಿಲು ಮಾಡಿದವನು. ಸಂದು ಕಂಡರೆ ಅವನಿಗೆ ಅವಮಾನ. "ಮ್ಯಾಲೆ ಎಳೀರಿ, ಬಿಸಿಲಿಗೆ ಒಣಗಿಸಿ ಮತ್ತ ಸಂದಿಗೆ ಪುಟ್ಟಿ ತುಂಬತೀನಿ" ಎಂದ.

"ಒಣಗಿದ್ದಕ್ಕೇ ಸೋರ್ತದಪ್ಪ. ಹಲಗಿ ನೀರು ಕುಡಿದು ಉಬ್ಬಬೇಕು. ಎರಡು ದಿನ ಅಲ್ಲೇ ಬಿಡು" ಎಂದೆ.

"ನೆನೆಹಾಕಾಕ ಇದೇನು ಕಡ್ಲಿಕಾಳೇನ್ರಿ, ಮೇಡಂ?"

ನನ್ನ ಗಂಡ ಕಮಲಾಕರ ಜೋರಾಗಿ ನಕ್ಕರು. "ಪುಟ್ಟಿ ತುಂಬಿ ಬುಧವಾರನೂ ಸೋರಿದ್ರ ರೆಸಾರ್ಟಿನವರಿಗೆ ಕೊಟ್ಬಿಡೋಣ. ಹುಲ್ಲಿನ ಮ್ಯಾಲಿಟ್ಟು ಹೂವಿನ ಗಿಡ ನೆಡ್ತಾರ."

ಕವಿತೆಯ ಒಂದು ಸಾಲಿಗೆ ಗಂಟೆಗಟ್ಟಲೆ ವಾದಿಸುವ ನಾನು ಅಲ್ಲಿ ಸುಮ್ಮನಾದೆ. ಸಾಲದ್ದಕ್ಕೆ ಅವರೊಂದಿಗೆ ಹಗ್ಗ ಹಿಡಿದು ದೋಣಿಯನ್ನು ದಡಕ್ಕೆ ಎಳೆದೆ. ಅದೇ ಈಗ ಕುಟುಕುತ್ತಿದೆ. ಸಂಜೆ ಮುಟ್ಟಿ ನೋಡಿದರೆ ಸಂದುಗಳು ಇನ್ನಷ್ಟು ಬಿರಿದಿದ್ದವು.

ಈಗಷ್ಟೇ ಹಾಲೇಶನಿಗೆ ಫೋನ್ ಮಾಡಿದೆ. "ಬೆಳಿಗ್ಗೆ ಪುಟ್ಟಿ ತರಬ್ಯಾಡ, ನಾಲ್ಕು ಮಂದಿ ಕರಕೊಂಡು ಬಾ. ಎಂಜಿನ್ ಬಿಚ್ಚಿ ದೋಣಿ ನೀರಿಗೆ ದೂಡೋಣ."

"ಮುಳುಗಿದ್ರ?"

"ಮುಳುಗ್ಲಿ. ದಡಕ್ಕ ಕಟ್ಟಿಡೋಣ."

"ಸಾಹೇಬ್ರು ಒಪ್ಪ್ಯಾರೇನ್ರಿ?"

ಕಮಲಾಕರ ಮಲಗಿದ್ದಾರೆ. ಹೇಳುತ್ತೇನೆ, ದೋಣಿ ನೀರಿಗಿಳಿದ ಮೇಲೆ.