ಏಳು ಸಮ ಏಳು

ಲೇ ಹೇಮಶ್ರೀ,

ವರ್ಗಾವಣೆಯ ಆದೇಶ ಹಿಡಿದು ನೀನು ಮಳವಳ್ಳಿಗೆ ಹೋದೆ. ನೀನು ಕಲಿಸುತ್ತಿದ್ದ ಗಣಿತದ ಆದೇಶ ವಿಧಾನ ನನ್ನ ತಲೆಗೆ ಬಿತ್ತು.

ಇವತ್ತು ಹತ್ತನೇ ಕ್ಲಾಸಿನ ಅಮೃತ ಒಂದು ಸಮೀಕರಣದಿಂದ ತೆಗೆದ ವೈ ಬೆಲೆಯನ್ನು ಇನ್ನೊಂದಕ್ಕೆ ಹಾಕದೆ ಮತ್ತೆ ಅದಕ್ಕೇ ಹಾಕಿದಳು. ಏಳು ಸಮ ಏಳು ಬಂತು.

"ಸರ್ಯಾಗೇ ಬಂತಲ್ಲ ಮಿಸ್."

"ಬರ್ದೆ ಇನ್ನೇನು ಕಣಮ್ಮ? ಅದ್ನೇ ಕೇಳುದ್ರೆ ಅದು ಸರಿ ಅಂತ್ಲೇ ಅನ್ನದು. ಇನ್ನೊಂದ್ನೂ ಕೇಳು."

ಕಳಿಸದ ಕಾಗದವಾದ್ದರಿಂದ ಧೈರ್ಯವಾಗಿ ಬೈಯುತ್ತೇನೆ. ಹೆಡ್‌ಮಾಸ್ಟರಿಗೆ ನನ್ನ ಮೇಲೆ ದೂರು ಕೊಟ್ಟವಳು ನೀನೇ ಎಂದು ಸ್ಟಾಫ್ ರೂಮಿನಲ್ಲಿ ನಾನು ಕೂಗಾಡಿದಾಗ ನೀನು ಬಾಯಿ ಬಿಡಬಾರದಿತ್ತೇ? ಐದು ವರ್ಷ ನನ್ನ ಡಬ್ಬಿಯ ಉಪ್ಸಾರು ಉಂಡವಳು ಸುಮ್ಮನೆ ಬ್ಯಾಗೆತ್ತಿಕೊಂಡು ಹೋಗುವುದೇ?

ನಾನು ಕೇಳಲಿಲ್ಲ ಎಂದು ಮಾತ್ರ ಅನ್ನಬೇಡ. 'ಎರಡನೆಯದನ್ನು ಕೇಳಲೇ ಇಲ್ಲ' ಎಂದು ಅಮೃತಳ ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ ನಾನೇ ಬರೆದು ಬಂದಿದ್ದೇನೆ.