ಮಚ್ಚೆಯ ನಡುವಿನ ಗೆರೆ

ಜರಗನಹಳ್ಳಿ
ಭಾನುವಾರ, ೧೭ ನವೆಂಬರ್ ೨೦೨೪

ಅತ್ತೆ ಮಾವ ಕುಮಾರಸ್ವಾಮಿ ಲೇಔಟಿಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದಾರೆ. ಶಿವರಾಮ್ ಅಂಗಡಿಯಲ್ಲಿದ್ದಾರೆ. ಮನೆಯಲ್ಲಿ ನಾನೊಬ್ಬಳೇ.

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಗೌರಿ ಹಬ್ಬಕ್ಕೆ ನೀನು ಕಳಿಸಿದ ಬಾಗಿನ ತಲುಪಿತು ಎಂದು ಹೇಳುವುದಕ್ಕೇ ಇಷ್ಟು ತಡ ಮಾಡಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಗುರುವಾರದಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತುತ್ತಿಲ್ಲ. ಇದು ಫೋನಿನಲ್ಲಿ ಹೇಳುವ ವಿಷಯವಲ್ಲ. ಅರ್ಧ ಕೇಳುವಷ್ಟರಲ್ಲಿ ನೀನು ಅಳುತ್ತೀಯ, ಉಳಿದರ್ಧವನ್ನು ಪಕ್ಕದಲ್ಲಿ ಕೂತ ಅತ್ತೆ ತಾವೇ ಹೇಳಿಬಿಡುತ್ತಾರೆ. ಅದಕ್ಕೇ ಕಾಗದ. ನಡುವೆ ನಿಲ್ಲಿಸದೆ ಕೊನೆಯವರೆಗೂ ಓದು.

ವಿಷಯ ಇಷ್ಟು. ಎಂಟು ವರ್ಷದಿಂದ ಮದ್ದು ತೆಗೆದುಕೊಳ್ಳುತ್ತಿರುವ ಆ ನರದ ಕಾಯಿಲೆ, ಎಂ.ಎಸ್., ನನಗೆ ಇಲ್ಲದೇ ಇರಬಹುದು. ‘ಇರಬಹುದು’ ಎನ್ನುವುದನ್ನು ಇನ್ನೊಮ್ಮೆ ಓದು. ಈ ಮನೆಯಲ್ಲಿ ಆ ಮಾತನ್ನು ಯಾರೂ ಸರಿಯಾಗಿ ಕೇಳಿಸಿಕೊಂಡಿಲ್ಲ.

ನಮ್ಮ ಹಳೆಯ ಡಾಕ್ಟರು ನಿವೃತ್ತರಾದರು ಎಂದು ಹಿಂದೆ ಹೇಳಿದ್ದೆನಲ್ಲ. ಈಗ ಜಯನಗರದ ಆಸ್ಪತ್ರೆಯಲ್ಲಿ ಅವರ ಜಾಗದಲ್ಲಿರುವವರು ಇಂಚರ ಎಂಬ ಡಾಕ್ಟರು. ನನಗಿಂತ ಚಿಕ್ಕವರು. ಮಾತು ಬೇಗ, ಕಣ್ಣು ನಿಧಾನ. ಇಷ್ಟು ವರ್ಷದ ಸ್ಕ್ಯಾನುಗಳೆಲ್ಲ ಬೇಕು ಅಂದರು. ಮಾವ ಅಷ್ಟನ್ನೂ ಒಂದು ಅಕ್ಕಿ ಚೀಲಕ್ಕೆ ತುಂಬಿ ಹೆಗಲ ಮೇಲೆ ಹೊತ್ತು ತಂದರು.

“ಇದೇನ್ ಅಂಕಲ್, ಒಂದೊಂದು ವರ್ಷ ಒಂದೊಂದು ಸೆಂಟರು?”

“ಎಲ್ಲಾ ನಮ್ಮೋರೇ ಮೇಡಂ. ಒಬ್ರು ನಮ್ ಬಾಡಿಗೆಯೋರ ಬಾಮೈದ, ಇನ್ನೊಬ್ರು ಬನಶಂಕರೀಲಿ ನಮ್ ಸೈಟ್ ತಗೊಂಡೋರು. ಪರಿಚಯ ಇದ್ರೆ ಚೆನ್ನಾಗ್ ನೋಡ್ತಾರೆ ಅಂತ.”

“ಮನುಷ್ಯರು ನೋಡ್ತಾರೆ ಅಂಕಲ್. ಮಷೀನು ಯಾರ ಪರಿಚಯಾನೂ ನೋಡಲ್ಲ.”

ಮಾವ ನಕ್ಕರು. ಡಾಕ್ಟರು ನಗಲಿಲ್ಲ. ಈ ಕಾಯಿಲೆಯಲ್ಲಿ ಹೋದ ವರ್ಷದ ಚಿತ್ರವನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕ ಇಟ್ಟು ಏನು ಬದಲಾಗಿದೆ ಎಂದು ನೋಡುವುದೇ ಮುಖ್ಯವಂತೆ. ಅದಕ್ಕೆ ಮಷೀನೂ ಒಂದೇ ಇರಬೇಕು, ತೆಗೆಯುವ ಕ್ರಮವೂ ಒಂದೇ ಇರಬೇಕು. ನೆನಪಿದೆಯಾ, ೨೦೧೮ರಲ್ಲಿ ಮಿದುಳಿನಲ್ಲಿ ಎರಡು ಹೊಸ ಮಚ್ಚೆ ಬಂದಿವೆ ಅಂತ ರಿಪೋರ್ಟ್ ಬಂದು, ಇಂಜೆಕ್ಷನ್ ಬಿಡಿಸಿ ಆ ಜೋರು ಮಾತ್ರೆ ಶುರು ಮಾಡಿದ್ದು? ಆ ವರ್ಷ ಹೋದ ಸೆಂಟರಿನ ಮಷೀನು ಮೊದಲಿನದಕ್ಕಿಂತ ಹೆಚ್ಚು ಶಕ್ತಿಯದ್ದು. ಆ ಎರಡು ಮಚ್ಚೆ ಮೊದಲೇ ಇದ್ದು, ಹಳೆಯ ಮಷೀನಿಗೆ ಕಾಣದೇ ಹೋಗಿದ್ದಿರಬಹುದು ಅಂದರು. ಮಾವ ಕಾಲ ಬಳಿ ಇದ್ದ ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿದರು.

ಆಮೇಲೆ ಅವರದೇ ಆಸ್ಪತ್ರೆಯಲ್ಲಿ ಹೊಸ ಸ್ಕ್ಯಾನು. ಸ್ಕ್ಯಾನಿಗೆ ಲೋಹ ಕೂಡದು ಎಂದು ಹಿಂದಿನ ದಿನವೇ ಅತ್ತೆ ನನ್ನ ಮಾಂಗಲ್ಯ ತೆಗೆಸಿ, ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿದ್ದರು. ಪ್ರತಿ ವರ್ಷವೂ ಹಾಗೇ. ಸ್ಕ್ಯಾನ್ ತೆಗೆಯುವ ಹುಡುಗಿ ಕೊರಳು ನೋಡಿ, “ಇದು ಪರವಾಗಿಲ್ಲ ಮೇಡಂ, ಬೇರುಬಿಟ್ರೆ ಮಾತ್ರ ಕಷ್ಟ” ಅಂದಳು. ನನಗೂ ನಗು ಬಂತು. ಅಲ್ಲಿಗೆ ನಗು ಮುಗಿಯಿತು. ಈ ಸಲದ ಚಿತ್ರಗಳು ಬೇರೆ ಥರ. ಕೂದಲೆಳೆಯಂಥ ರಕ್ತನಾಳವನ್ನು ಹಿಡಿಯುವಂಥವು. ಕೊಂಚ ಅಲುಗಿದರೂ ಕೆಡುತ್ತವೆ. ಉಗುಳು ನುಂಗಬಾರದು ಎಂದುಕೊಂಡಷ್ಟೂ ಬಾಯಿ ತುಂಬಾ ಉಗುಳು. ತಲೆಯ ಸುತ್ತ ಯಾರೋ ತಗಡು ಬಡಿಯುತ್ತಿದ್ದ ಹಾಗೆ ಸದ್ದು. ಪ್ರತಿ ಸಲ ಒಳಗೆ ಮಲಗಿದಾಗ ಹೊಸ ಮಚ್ಚೆ ಬೇಡ ಎಂದು ಬೇಡಿಕೊಳ್ಳುತ್ತಿದ್ದೆ. ಈ ಸಲ ಬೇಡಿಕೊಳ್ಳುವುದಕ್ಕೂ ಅಲುಗಬೇಕೇನೋ ಎಂದು ಹೆದರಿ ಸುಮ್ಮನೆ ಮಲಗಿದ್ದೆ.

ಕಳೆದ ಗುರುವಾರ ನಾನೂ ಶಿವರಾಮೂ ಹೋದೆವು. ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಬೂದು ಬಣ್ಣದ ಮಿದುಳು, ಅಲ್ಲಲ್ಲಿ ಬಿಳಿ ಮಚ್ಚೆ. ಅವನ್ನು ನಾನು ಎಷ್ಟು ಸಲ ನೋಡಿಲ್ಲ!

“ಎಂ.ಎಸ್. ಮಚ್ಚೆ ಶುರುವಾಗೋದೇ ಒಂದು ಸಣ್ಣ ರಕ್ತನಾಳದ ಸುತ್ತ,” ಅಂದರು. “ಅದಕ್ಕೆ ಈ ಥರ ಸ್ಕ್ಯಾನಲ್ಲಿ ಮಚ್ಚೆ ಮಧ್ಯೆ ಒಂದು ಕಪ್ಪು ಗೆರೆ ಕಾಣುತ್ತೆ. ಎಲ್ಲದರಲ್ಲೂ ಅಲ್ಲ, ತುಂಬಾದರಲ್ಲಿ. ಈಗ ನಿಮ್ಮದು ನೋಡಿ.”

ನಾವಿಬ್ಬರೂ ಬಗ್ಗಿ ನೋಡಿದೆವು. ಅವರು ಒಂದೊಂದೇ ಮಚ್ಚೆಯನ್ನು ದೊಡ್ಡದು ಮಾಡುತ್ತಾ ಹೋದರು. ಗೆರೆ ಇಲ್ಲ. ಗೆರೆ ಇಲ್ಲ. ಒಂದರಲ್ಲಿ ಇದೆ. ಮತ್ತೆ ಇಲ್ಲ, ಇಲ್ಲ. ಹಳೆಯ ಗಾಯ ಒಳಗೊಳಗೇ ಹೊಗೆಯಾಡುತ್ತಿದ್ದರೆ ಅದರ ಅಂಚಿಗೆ ಕಬ್ಬಿಣದ ಅಂಶ ಸೇರಿ ಉಂಗುರದಂತೆ ಕಾಣುತ್ತದಂತೆ. ಅದೂ ಇಲ್ಲ. ಬೆನ್ನುಹುರಿಯಲ್ಲಿ ಒಂದು ಚುಕ್ಕೆಯೂ ಇಲ್ಲ.

“ಮೊದಲನೇ ಸಲ ಕೈ ಜೋಮು ಹಿಡಿದಾಗ, ಕಣ್ಣು ಮಂಜಾದಾಗ, ತಲೆನೋವು ಇತ್ತಾ?”

“ಚಿಕ್ಕಂದಿನಿಂದಲೂ ಇದೆ.”

“ಮೈಗ್ರೇನ್ ಇರೋರಿಗೂ ಇಂಥ ಮಚ್ಚೆ ಬರುತ್ತೆ. ಇದು ಎಂ.ಎಸ್. ಅಲ್ಲ ಅಂತ ನನಗೆ ಬಲವಾದ ಅನುಮಾನ ಇದೆ. ಆದ್ರೆ ಇದೊಂದೇ ಇಟ್ಕೊಂಡು ಕಾಯಿಲೆ ಇಲ್ಲ ಅಂತ ನಾನು ಹೇಳಲ್ಲ. ಮಾತ್ರೆ ನಿಲ್ಲಿಸ್ಬೇಡಿ. ಶುರುವಲ್ಲಿ ಬೆನ್ನಿನ ನೀರು ತೆಗೆದು ಟೆಸ್ಟ್ ಮಾಡಿದ್ರಲ್ಲ, ಆ ರಿಪೋರ್ಟ್ ಎಲ್ಲಿ?”

ಶಿವರಾಮ್ ನನ್ನ ಮುಖ ನೋಡಿದರು. ನಾನು ಪರದೆ ನೋಡುತ್ತಿದ್ದೆ. “ಮನೇಲಿ ಒಪ್ಪಲಿಲ್ಲ ಮೇಡಂ,” ಅಂದರು.

“ಯಾರ ಮನೇಲಿ?”

ಶಿವರಾಮ್ ಮೇಜಿನ ಮೇಲಿದ್ದ ರಿಪೋರ್ಟುಗಳನ್ನು ಜೋಡಿಸತೊಡಗಿದರು. ನಿನ್ನ ಹೆಸರು ಹೇಳಲಿಲ್ಲ, ಅಕ್ಕ. ಅದನ್ನು ನೀನು ತಿಳಿದಿರಬೇಕು.

ಎಂಟು ವರ್ಷದ ಹಿಂದೆ ಅದೇ ಆಸ್ಪತ್ರೆಯ ವರಾಂಡದಲ್ಲಿ ನಿಂತು ನೀನು ಆಡಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. “ಬೆನ್ನಿಗೆ ಸೂಜಿ ಹಾಕಿಸ್ಕೊಂಡ ಮರೆಪ್ಪ ಇವತ್ತಿಗೂ ಎದ್ದಿಲ್ಲ. ನನ್ ತಂಗಿಗೆ ಅದು ಬೇಡ. ಫೋಟೋದಲ್ಲೇ ಕಾಣ್ತಿದ್ಯಲ್ಲ, ಇನ್ನೇನ್ ನೋಡ್ಬೇಕು ಇವ್ರಿಗೆ?” ಹಳೆಯ ಡಾಕ್ಟರು ಎರಡು ಸಲ ಹೇಳಿದರು, ಆಮೇಲೆ ಬಿಟ್ಟರು. ಮರೆಪ್ಪನಿಗಿದ್ದದ್ದು ಬೆನ್ನುಮೂಳೆಯ ಕ್ಷಯ. ಅವನ ಕಾಲು ಹೋದ ಮೇಲೆ ಸೂಜಿ ಹಾಕಿದ್ದು ಎಂದು ಅವನ ಹೆಂಡತಿಯೇ ಆಮೇಲೊಂದು ಮದುವೆಮನೆಯಲ್ಲಿ ನನಗೆ ಹೇಳಿದಳು. ನಮ್ಮೂರಿನವರು ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದನ್ನೇ ತಿರುಗಾಮುರುಗಾ ಮಾಡಿ ಇಟ್ಟುಕೊಂಡಿದ್ದರು. ಅಮ್ಮ ಹೋದ ಮೇಲೆ ನನ್ನ ವಿಷಯದಲ್ಲಿ ಕೊನೆಯ ಮಾತು ನಿನ್ನದು. ನಾನೂ ಬಾಯಿ ಬಿಡಲಿಲ್ಲ. ನನಗೂ ಆ ಸೂಜಿ ಎಂದರೆ ಹೆದರಿಕೆ ಇತ್ತು.

‘ನಿನ್ನನ್ನು ದೂರುತ್ತಿಲ್ಲ’ ಎಂದು ಮೊದಲು ಬರೆದು ಹೊಡೆದುಹಾಕಿದೆ. ಸ್ವಲ್ಪ ದೂರುತ್ತಿದ್ದೇನೆ.

ಮನೆಗೆ ಬಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆವು. ಅತ್ತೆಗೆ ಕೇಳಿಸಿದ್ದು ಒಂದೇ. “ಇಲ್ವಂತೆ! ಕಾಯಿಲೆನೇ ಇಲ್ವಂತೆ ಕಣ್ರೀ!” ಎಂದು ಮೇಲಿನ ಮನೆಯವರನ್ನೆಲ್ಲ ಕೂಗಿ ಕರೆದರು. ಆಮೇಲೆ ಮಾವನ ಕಡೆ ತಿರುಗಿದರು. “ಇಲ್ದಿರೋ ಕಾಯ್ಲೆಗೆ ಹೊಸ್ಲು ಕೀಳ್ಸಿದ್ರಲ್ಲ, ನಿಮ್ಗೆ ಏನ್ ಹೇಳ್ಬೇಕು!”

“ನಾನೇನ್ ಕನಸ್ ಕಂಡಿದ್ನಾ? ಗಾಲಿ ಕುರ್ಚಿ ಬತ್ತದೆ ಅಂದ್ರು, ಕೀಳಿಸ್ದೆ.”

“ಯಾರಂದ್ರು? ಡಾಕ್ಟ್ರು ‘ಮುಂದೆ ಬೇಕಾಗ್ಬೋದು’ ಅಂದ್ರೆ ನೀವು ಬೆಳಿಗ್ಗೆ ಎದ್ದು ಗಾರೆಯೋನ್ನ ಕರ್ಕೊಂಡ್ ಬಂದ್ರಿ!”

ನಿನಗೆ ಗೊತ್ತು, ಶುಕ್ರವಾರ ಶುಕ್ರವಾರ ಅತ್ತೆ ಬಾಗಿಲಲ್ಲಿ ಹೊಸ್ತಿಲಿದ್ದ ಜಾಗದಲ್ಲಿ ಬರೀ ನೆಲಕ್ಕೆ ಅರಿಶಿನ ಕುಂಕುಮ ಇಡುತ್ತಾರೆ. ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನೆದುರು ಗೊಣಗಿದವರಲ್ಲ. ಅವರ ಸಂತೋಷ ನಿಜವಾದದ್ದು. ಅದಕ್ಕೇ ನನಗೆ ತಡೆಯಲಾಗಲಿಲ್ಲ. “ಅತ್ತೆ, ಇನ್ನೂ ಗೊತ್ತಾಗಿಲ್ಲ, ಇನ್ನೊಂದು ಟೆಸ್ಟ್ ಇದೆ” ಅಂದೆ. “ಬಿಡವ್ವ, ಒಳ್ಳೇದು ಬಾಯ್ತುಂಬಾ ಅನ್ನು” ಅಂದರು. ಮಾರನೆಯ ದಿನ ಮಾವ ಗಾರೆಯ ಭೀಮಪ್ಪನನ್ನು ಕರೆಸಿ, ಹೊಸ್ತಿಲು ಮತ್ತೆ ಕೂರಿಸಲು ಬಾಗಿಲು ಅಳೆಸುತ್ತಿದ್ದರು. ನಾನು ಹೊರಗೆ ಹೋಗಿ, ಉತ್ತರ ಬರುವವರೆಗೆ ಒಂದು ಉಳಿಯೂ ಮುಟ್ಟಕೂಡದು ಎಂದು ಭೀಮಪ್ಪನಿಗೇ ಹೇಳಿದೆ. ಮಾವನ ಎದುರಿಗೆ. ನನ್ನ ಗಂಟಲು ಅಷ್ಟು ಏರಿದ್ದನ್ನು ಅವರು ಕೇಳಿರಲಿಲ್ಲ. ಟೇಪು ಸುತ್ತಿಕೊಂಡು ಒಳಗೆ ಹೋದರು.

ಎಲ್ಲರಿಗೂ ಅರ್ಥವಾಗದೆ ಇರುವುದು ಇದು. ಟೆಸ್ಟಿನಲ್ಲಿ ‘ಇದೆ’ ಎಂದು ಬಂದರೆ ಅದೇ ಮಾತ್ರೆ, ಅದೇ ದಿನಚರಿ. ಅದನ್ನು ನಿಭಾಯಿಸುವುದು ನನಗೆ ಬರುತ್ತದೆ. ‘ಇಲ್ಲ’ ಎಂದು ಬಂದರೆ? ನಿಂತು ಪಾಠ ಮಾಡಲಾಗದ ದಿನ ಬರುತ್ತದೆ ಎಂದು, ಆ ದಿನ ಬರುವ ಮೊದಲೇ ನಾನು ಶಾಲೆ ಬಿಟ್ಟೆ. ಮಾತ್ರೆಗೆ ಅರ್ಧ ಕೂದಲು ಉದುರಿತು. ಮತ್ತೆ ಕೈ ಜೋಮು ಹಿಡಿಯದ ಪ್ರತಿ ವರ್ಷವೂ ಮದ್ದು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಎಲ್ಲರೂ ಮದ್ದಿಗೆ ಕೈಮುಗಿದರು. ‘ಇಲ್ಲ’ ಎಂದು ಬಂದರೆ ಅದೆಲ್ಲ ಏನಾಗಿತ್ತು? ಇದನ್ನು ಶಿವರಾಮ್‌ಗೆ ಕೇಳಿದೆ. “ಹೋಗಿದ್ದು ಹೋಯ್ತು ಶ್ವೇತ, ಮುಂದಿಂದು ನೋಡೋಣ” ಅಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಗುರುವಾರದಿಂದ ಅಂಗಡಿಯಿಂದ ತಡವಾಗಿ ಬರುತ್ತಿದ್ದಾರೆ. ಊಟಕ್ಕೆ ಕೂತರೆ ಪೈಪು, ನಲ್ಲಿ, ಮಡಿವಾಳದ ಟ್ರಾಫಿಕ್ಕು, ಇಷ್ಟೇ ಮಾತು.

ಬರುವ ಗುರುವಾರ ಬೆನ್ನಿನ ನೀರು ತೆಗೆಯುತ್ತಾರೆ. ನಾನು ಒಪ್ಪಿಕೊಂಡು ಬಂದಿದ್ದೇನೆ, ಯಾರನ್ನೂ ಕೇಳಲಿಲ್ಲ. ನೀನು ಗುರುವಾರ ಬರಬೇಡ. ಕೋಪಕ್ಕೆ ಹೇಳುತ್ತಿಲ್ಲ. ನೀನು ವರಾಂಡದಲ್ಲಿ ಕೂತಿದ್ದೀಯ ಎಂದು ಗೊತ್ತಾದರೆ ನಾನು ಮತ್ತೆ ನಿನ್ನ ಮುಖ ನೋಡಿ ಬೇಡ ಅಂದುಬಿಡುತ್ತೇನೆ. ಶನಿವಾರ ಬಾ. ಚನ್ನರಾಯಪಟ್ಟಣದಿಂದ ಬೆಳಗಿನ ಬಸ್ಸಿಗೆ ಹೊರಟರೆ ಊಟದ ಹೊತ್ತಿಗೆ ಇಲ್ಲಿರಬಹುದು. ನಾನೇ ಅಡುಗೆ ಮಾಡಿರುತ್ತೇನೆ.

ಭಾವನಿಗೆ ನಮಸ್ಕಾರ. ಮಕ್ಕಳು ಚೆನ್ನಾಗಿ ಓದಲಿ, ಹೆಚ್ಚು ಮೊಬೈಲು ನೋಡದಿರಲಿ. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ನೀನು ನೂರು ವರ್ಷ ಬಾಳಿ ನನ್ನ ಮೇಲೆ ಜೋರು ಮಾಡುತ್ತಿರಬೇಕು.

ನಿನ್ನ ತಂಗಿ,
ಶ್ವೇತ

ಮರೆತ ಮಾತು: ಮರೆತದ್ದಲ್ಲ, ಬರೆಯದೇ ಮಡಚಿಡೋಣ ಎಂದಿದ್ದೆ. ೨೦೧೯ರಲ್ಲಿ ನಾನು ಬಸುರಿಯಾಗಿದ್ದೆ. ಆ ಮಾತ್ರೆ ತೆಗೆದುಕೊಳ್ಳುವಾಗ ಬಸುರಾಗಕೂಡದು ಎಂದು ಹೇಳಿದ್ದರು, ಆದರೂ ಆಯಿತು. ಮಗುವಿಗೆ ಊನವಾಗಬಹುದು ಎಂದರು. “ನೀನ್ ಉಳಿದ್ರೆ ಸಾಕು” ಅಂದರು ಶಿವರಾಮ್. ಇಬ್ಬರೇ ಹೋಗಿ ತೆಗೆಸಿಕೊಂಡು ಬಂದೆವು. ಅತ್ತೆಗೆ ಗೊತ್ತಿಲ್ಲ, ನಿನಗೂ ಹೇಳಲಿಲ್ಲ. ಅದರ ಬಗ್ಗೆ ನಾವಿಬ್ಬರೂ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ಕಾಯಿಲೆ ಇದೆ ಎನ್ನುವವರೆಗೆ ಆಡಬೇಕಾದ್ದೂ ಇರಲಿಲ್ಲ. ಪರದೆಯ ಮೇಲೆ ಡಾಕ್ಟರು ‘ಗೆರೆ ಇಲ್ಲ’ ಎನ್ನುತ್ತಾ ಹೋದಾಗ ಶಿವರಾಮ್ ಹಿಡಿದಿದ್ದ ನನ್ನ ಕೈ ಬಿಟ್ಟರು. ಅವರೂ ಅದನ್ನೇ ನೆನೆಯುತ್ತಿದ್ದರು ಎಂದು ನನಗೆ ಆಗಲೇ ತಿಳಿಯಿತು. ಉತ್ತರ ಬಂದ ಮೇಲೆ ಈ ಮಾತು ಎತ್ತಿದರೆ ಅದು ‘ಇಲ್ಲ’ ಎಂದಿದ್ದಾಗ ಆರೋಪವಾಗುತ್ತದೆ, ‘ಇದೆ’ ಎಂದಿದ್ದಾಗ ಬರೀ ಸಮಾಧಾನವಾಗುತ್ತದೆ. ಅದಕ್ಕೇ ಗುರುವಾರಕ್ಕೆ ಮೊದಲೇ ಅವರ ಹತ್ತಿರ ಆ ಮಗುವಿನ ಮಾತು ಎತ್ತಬೇಕು ಎಂದು ತೀರ್ಮಾನಿಸಿದ್ದೇನೆ. ಇನ್ನೂ ಎತ್ತಿಲ್ಲ.